ನೀನು ಅವಳ ಕಡೆಗೆ ಚಾಚಿದ ಕೈ

ಪ್ರೀತಿಯ ಪಾಸ್ಕಿನ,

ದುಬೈಯ ದೇರಾದ ಈ ರೂಮು ಬಿಟ್ಟು ನೀನು ಅಬುಧಾಬಿಯ ಮುಸಫ್ಫಾದ ಕಂಪನಿ ವಸತಿಗೆ ಹೋದ ಮೇಲೆ ನಮ್ಮ ಮಾತೆಲ್ಲ ವಾಟ್ಸಾಪಿನಲ್ಲಿ 'ಊಟ ಆಯ್ತಾ', 'ಆಯ್ತು' ಎನ್ನುವುದರಲ್ಲೇ ಮುಗಿಯುತ್ತಿದೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿನ್ನೆ ನಕಾಟೊ ನನಗೆ ಫೋನ್ ಮಾಡಿದ್ದಳು. ಅವಳು ಹೇಳಿದ್ದನ್ನು ಆಮೇಲೆ ಬರೆಯುತ್ತೇನೆ. ಪರದೆಯ ಮೇಲೆ ಅವಳ ಹೆಸರು ಕಂಡಾಗ ಫೋನನ್ನೇ ಕಿಟಕಿಯಿಂದ ಹೊರಗೆ ಎಸೆದುಬಿಡೋಣ ಅನ್ನಿಸಿತು ನನಗೆ. ಅದನ್ನು ಮೊದಲು ಹೇಳಬೇಕು.

ನನಗೆ ಹೊಟ್ಟೆಕಿಚ್ಚು, ಪಾಸ್ಕಿನ. ಬೇರೆ ಚಂದದ ಹೆಸರು ಹುಡುಕಿ ನೋಡಿದೆ, ಸಿಗಲಿಲ್ಲ.

ನೀನು ಈ ರೂಮಿಗೆ ಬಂದ ದಿನ ನೆನಪಿದೆಯಾ? ಬಾಗಿಲಲ್ಲಿ ನೀನು ಸೆಕ್ಯೂರಿಟಿ ಗಾರ್ಡಿನ ಯೂನಿಫಾರ್ಮ್ ತೊಟ್ಟು ನಿಂತಿದ್ದೆ. ನೀನು ಕೀನ್ಯಾದವಳು ಎಂದುಕೊಂಡು ನಾನು ಇಂಗ್ಲಿಷಿನಲ್ಲಿ ನಿಧಾನವಾಗಿ, ಒಂದೊಂದೇ ಶಬ್ದ ಬಿಡಿಸಿ, ಬಾತ್‌ರೂಮಿನ ಸರದಿ ವಿವರಿಸಿದೆ. ನೀನು ಎಲ್ಲ ಕೇಳಿ, "ಕನ್ನಡ ಬರ್ತದ ನನಗ. ಹಳಿಯಾಳದಾಕಿ ನಾ. ಸಿದ್ದಿ" ಎಂದೆ. ನಾನು ನಾಚಿ ನಕ್ಕೆ, ನೀನೂ ನಕ್ಕೆ. ಹಾಗೆ ಶುರುವಾದ ನಗು ನಮ್ಮಿಬ್ಬರನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂದು ಈ ರೂಮಿನ ಯಾರಿಗೂ ತಿಳಿಯಲಿಲ್ಲ. ಪಕ್ಕದ ಮಂಚದ ಸುಮಿತ್ರಾ ಇಂದಿಗೂ "ನಿಮ್ಮದು ಅಕ್ಕತಂಗಿಯ ಹಾಗೆ ಮಾರಾಯ್ತಿ" ಎನ್ನುತ್ತಾಳೆ. ಎಷ್ಟು ಆಸೆಯಾಗುತ್ತದೆ, ಅಲ್ಲ ಎಂದು ಹೇಳುವುದಕ್ಕೆ. ಈ ದೇಶದಲ್ಲಿ ಆ ಒಂದು ಮಾತಿಗೆ ವೀಸಾ ಹೋಗುತ್ತದೆ, ಇನ್ನೂ ಏನೇನೋ ಹೋಗುತ್ತದೆ. ನಮ್ಮ ಊರುಗಳಲ್ಲೂ ಅದನ್ನು ಹೇಳಿ ಸುಖಪಟ್ಟವರು ಕಡಿಮೆ.

ನಿನಗೆ ನಾನಿದ್ದೆ, ನನಗೆ ನೀನಿದ್ದೆ. ಅಷ್ಟು ಸಾಕು ಎಂದುಕೊಂಡಿದ್ದೆ. ಆಗ ನಕಾಟೊ ಬಂದಳು.

ನೀನು ಕಾವಲಿದ್ದ ಮಾಲಿನ ಸಲೂನಿನಲ್ಲಿ ಅವಳಿಗೆ ಕೆಲಸ. ತನ್ನ ಊರಿನವಳು ಎಂದುಕೊಂಡು ಉಗಾಂಡದ ಭಾಷೆಯಲ್ಲಿ ನಿನ್ನನ್ನು ಮಾತಾಡಿಸಿದಳಂತೆ. ನಿನಗೆ ಒಂದಕ್ಷರ ಅರ್ಥವಾಗಲಿಲ್ಲವಂತೆ. ಕೆಲವು ದಿನಗಳ ನಂತರ ನಿನ್ನ ಮನಸ್ಸು ಹೆಂಗಸರ ಕಡೆಗಾ ಎಂದು ಬಹಳ ಮೆತ್ತಗೆ ಕೇಳಿದಳಂತೆ. ನಿನ್ನ ಬಗ್ಗೆ ಅವಳು ಎರಡು ಊಹೆ ಮಾಡಿದ್ದಳು. ಒಂದು ತಪ್ಪಾಯಿತು, ಇನ್ನೊಂದು ಸರಿಯಾಯಿತು. ಮುಂದಿನ ಭಾನುವಾರ ನೀನು ಅವಳ ಗುಂಪಿನ ಜೊತೆ ಅಬುಧಾಬಿಯ ಆಚೆಯ ಕಡಲಂಚಿನಲ್ಲಿ ಗಾಳ ಹಿಡಿದು ನಿಂತಿದ್ದೆ.

ಸಂಜೆ ಮನೆಗೆ ಬಂದವಳ ಬಾಯಿ ನಿಲ್ಲಲೇ ಇಲ್ಲ. "ಎಲ್ಲಾರೂ ನನ್ನಂಥಾ ಮೈಬಣ್ಣದವರು, ಎಲ್ಲಾರೂ ನಮ್ಮಂಥಾ ಮನಸ್ಸಿನವರು, ಭವ್ಯಾ" ಎಂದೆ. ಸುಡಾನಿನವರು, ಘಾನಾದವರು, ಇಥಿಯೋಪಿಯಾದವರು. ಊರಲ್ಲಿ 'ಕಸಿನ್ಸ್' ಎಂದು ಹೇಳಿಕೊಂಡು ಎಷ್ಟೋ ವರ್ಷದಿಂದ ಒಟ್ಟಿಗೆ ಬಾಳುತ್ತಿರುವ ಇಬ್ಬರು ಗಂಡಸರು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಬಯಸುವ, ಅಲ್ಲಿ ಮಾತ್ರ ತನ್ನ ನಿಜವಾದ ಹೆಸರಿನಿಂದ ಕರೆಸಿಕೊಳ್ಳುವ ಒಬ್ಬಳು. ಯಾರೂ ಫೋಟೊ ತೆಗೆಯುವುದಿಲ್ಲ. ಗಾಳ ಹಾಕಲು ಬಾರದವರಿಗೆ ಕಲಿಸುತ್ತಾರೆ, ನಿಲ್ಲಲಾಗದವರಿಗೆ ಕುರ್ಚಿ ಕೊಡುತ್ತಾರೆ. ಫೋನಿನಲ್ಲಿ ಆ ಗುಂಪಿಗೆ ಅಲ್ಲಿನ ಒಂದು ಮೀನಿನ ಹೆಸರು, 'ಶೇರಿ'. ನೋಡಿದವರಿಗೆ ಬರೀ ಮೀನಿನ ಹುಚ್ಚಿನವರು ಅನ್ನಿಸಬೇಕು.

ನಾನು ಮಲ್ಪೆಯ ಮೊಗವೀರರ ಮಗಳು. ಅಪ್ಪನದು ದೋಣಿ, ಅಮ್ಮನದು ಮೀನಿನ ಬುಟ್ಟಿ. ನಮ್ಮಲ್ಲಿ ಹೆಂಗಸರು ಮೀನು ಮಾರುತ್ತಾರೆ, ದೋಣಿ ಹತ್ತುವುದಿಲ್ಲ. ಹಾಗಾಗಿ ಕಡಲ ಬದಿಯಲ್ಲೇ ಬೆಳೆದರೂ ಒಂದು ಗಾಳ ಹಿಡಿದವಳಲ್ಲ ನಾನು. ಕಾಡಿನ ಬದಿಯಿಂದ ಬಂದ ನೀನು ಕಡಲಿನ ಸುದ್ದಿಯನ್ನು ನನಗೆ ಹೇಳುತ್ತಿದ್ದೆ. ನಾನು ಈರುಳ್ಳಿ ಹೆಚ್ಚುತ್ತಾ ಕೇಳುತ್ತಿದ್ದೆ. ಆ ದಿನ ನನ್ನ ಕಣ್ಣೀರಿಗೆ ಈರುಳ್ಳಿಯೊಂದೇ ಕಾರಣವಲ್ಲ.

ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಹೋದೆ. ಬೆಳಗಿನ ಬಿಸಿಲು ಇನ್ನೂ ಎಳೆಯದಾಗಿತ್ತು. ಗುಂಪಿನ ಹಿರಿಯ ಇದ್ರೀಸ್, ಹೋಟೆಲಿನ ಅಡುಗೆಯವರು, ಕುರ್ಚಿ ತಂದಿಟ್ಟು ಮುರುಕು ಹಿಂದಿಯಲ್ಲಿ, "ಬೈಠೋ ಬೇಟಿ, ಪಾಸ್ಕಿನ ಕಾ ಘರ್ ಹಮಾರಾ ಘರ್" ಎಂದರು. ಎಲ್ಲರೂ ಪ್ರೀತಿಯಿಂದಲೇ ಮಾತಾಡಿಸಿದರು. ನನಗೆ ಬೈಯಲು ಒಂದು ಕಾರಣವನ್ನೂ ಅವರು ಕೊಡಲಿಲ್ಲ. ಅದೇ ನನಗೆ ಸಿಟ್ಟು. ನಕಾಟೊ ನಿನ್ನ ಹಿಂದೆ ನಿಂತು, ನಿನ್ನ ಮಣಿಕಟ್ಟು ಹಿಡಿದು ಗಾಳ ಬೀಸುವುದನ್ನು ತಿದ್ದುತ್ತಿದ್ದಳು. ನಡುವೆ ನೀನು ಬಕೆಟ್ಟನ್ನು ಮಗುಚಿ ಹಾಕಿ ಡಮಾಮಿಯ ತಾಳ ಬಾರಿಸಿದೆ. ನಿಮ್ಮ ಜನ ಹಬ್ಬದಲ್ಲಿ ಬಾರಿಸುವ ಆ ಡೋಲಿನ ಹೆಸರಷ್ಟೇ ನನಗೆ ಗೊತ್ತಿತ್ತು, ತಾಳ ಕೇಳಿರಲಿಲ್ಲ. ನೀನು ಬಾರಿಸಿರಲಿಲ್ಲ, ಬಾರಿಸು ಎಂದು ನಾನು ಕೇಳಿರಲಿಲ್ಲ. ಇದ್ರೀಸ್ ಎರಡೇ ಸುತ್ತಿನಲ್ಲಿ ಚಪ್ಪಾಳೆ ಕೂಡಿಸಿದರು. ನಾನು ಕುರ್ಚಿಯಲ್ಲಿ ಕೂತು ಲಯ ತಪ್ಪಿಸಿದೆ.

ಆಮೇಲೆ ಗಾಳದ ಮುಳ್ಳು ನಿನ್ನ ಹೆಬ್ಬೆರಳಿಗೆ ಹೊಕ್ಕಿತು. ನಿನಗೆ ಹತ್ತಿರ ಇದ್ದವಳು ನಾನು. ಎದ್ದು ಕೈ ಮುಂದೆ ಮಾಡಿದ್ದೆ. ನೀನು ನನ್ನನ್ನು ದಾಟಿ, ದೂರದಲ್ಲಿದ್ದ ನಕಾಟೊಳ ಕಡೆಗೆ ಕೈ ಚಾಚಿದೆ. ಅವಳು ಇಕ್ಕಳದಿಂದ ಮುಳ್ಳಿನ ತುದಿ ಕತ್ತರಿಸಿ ತೆಗೆಯುವಾಗ ಅವಳ ಭುಜಕ್ಕೆ ಮುಖವಿಟ್ಟು ಅತ್ತೆ. ನೀನು ಅಳುವುದನ್ನು ನಾನು ಕಂಡದ್ದು ಅದೇ ಮೊದಲು.

ದುಬೈಗೆ ಬರುವ ಬಸ್ಸಿನಲ್ಲಿ ಕೇಳಿಯೇಬಿಟ್ಟೆ. "ನಾನು ಅಲ್ಲೇ ಇದ್ದೆ. ಅವಳಿಗೆ ಯಾಕೆ ಕೈ ಕೊಟ್ಟದ್ದು?"

ನೀನು, "ನಿನ್ನ ಮುಂದ ನಾ ಮೊದ್ಲ 'ನೋವಿಲ್ಲ' ಅನ್ನಬೇಕು ಭವ್ಯಾ. ಆಮ್ಯಾಲ ಅಳಬೇಕು. ಅಲ್ಲಿ ಹಂಗಿಲ್ಲ" ಎಂದೆ.

ನಾನು ವಾದ ಮಾಡಿದೆ. ಯಾವಾಗ, ಎಲ್ಲಿ, ಒಂದು ಉದಾಹರಣೆ ಹೇಳು ಎಂದೆ. ನೀನು ಹೇಳಿದೆ. ನಾವು ಮೀನೂಟಕ್ಕೆ ಹೋಗುವ ಹೋಟೆಲಿನ ಯಜಮಾನರು ನೀನು ಎದುರಿಗೇ ಇದ್ದರೂ ನನ್ನ ಹತ್ತಿರ "ಇವರು ಯಾವ ದೇಶದವರು" ಎಂದು ಕೇಳುತ್ತಾರಲ್ಲ, ಪ್ರತಿ ಸಲ. ನೀನು "ಉತ್ತರ ಕನ್ನಡ ದೇಶ" ಎಂದು ಜೋಕು ಮಾಡುತ್ತೀ, ಎಲ್ಲರೂ ನಗುತ್ತೇವೆ. "ನಾ ಜೋಕ್ ಮಾಡ್ದಿದ್ರ ನಿನಗ ಅನ್ನ ಇಳೀತಿರಲಿಲ್ಲ. ಅದಕ್ಕ ಮಾಡ್ತಿದ್ದೆ" ಎಂದೆ. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಹಾಗಾದರೆ ಅವರ ಜೊತೆಗೇ ಇರು" ಎಂದೆ. ಮುಂದಿನ ವಾರ ನೀನು ಅಬುಧಾಬಿಗೆ ವರ್ಗ ಕೇಳಿ ಹೊರಟುಹೋದೆ.

ಇಷ್ಟು ದಿನ ನೀನು ಪ್ರತಿ ಭಾನುವಾರ ಅವಳ ಪಕ್ಕದಲ್ಲಿ ನಿಂತಿರುತ್ತೀ ಎಂದುಕೊಂಡು ಬೇಯುತ್ತಿದ್ದೆ. ನಿನ್ನೆ ನಕಾಟೊ ಹೇಳಿದ ಸುದ್ದಿ ಬೇರೆ. ಆ ಜಗಳದ ನಂತರ ನೀನು ಕಡಲಿಗೆ ಹೋಗಿಯೇ ಇಲ್ಲವಂತೆ. ಯಾರ ಫೋನನ್ನೂ ಎತ್ತುತ್ತಿಲ್ಲವಂತೆ. ಇದ್ರೀಸ್ ನಿನ್ನ ಪಾಲಿನ ಊಟ ಕಟ್ಟಿ ತಂದು ವಾಪಸ್ ಒಯ್ಯುತ್ತಿದ್ದಾರಂತೆ. "ಅವಳಿಗೆ ಏನು ಮಾಡಿದ್ದೀ?" ಎಂದು ಅವಳು ಕೇಳಲಿಲ್ಲ. "ಅವಳು ಚೆನ್ನಾಗಿದ್ದಾಳಾ?" ಎಂದಷ್ಟೇ ಕೇಳಿದಳು. ನನಗೆ ಗೊತ್ತಿರಲಿಲ್ಲ.

ನಿಜ ಹೇಳುತ್ತೇನೆ, ಫೋನ್ ಇಟ್ಟ ಕೂಡಲೇ ನನಗೆ ಖುಷಿಯಾಯಿತು. ಗೆದ್ದೆ ಅನ್ನಿಸಿತು. ಚಹಾ ಮಾಡಿಕೊಂಡೆ. ಚಹಾ ಆರುವುದರೊಳಗೆ ಆ ಖುಷಿಯೂ ಆರಿತು. ನೀನು ನೋವಿಲ್ಲ ಎನ್ನದೆ ಅತ್ತ ಒಂದೇ ಒಂದು ಜಾಗ ಇತ್ತು. ಈಗ ಅದೂ ಇಲ್ಲ, ನಾನೂ ಇಲ್ಲ. ಮುಸಫ್ಫಾದ ಆ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿರುತ್ತೀ. ಇದಕ್ಕೆ ನಾನು ಗೆಲುವು ಎನ್ನಬೇಕಾ?

ಹೋಗು, ಪಾಸ್ಕಿನ. ಈ ಭಾನುವಾರವೇ ಹೋಗು. ನಾನು ಬರುವುದಿಲ್ಲ. ಅದು ಮೊದಲು ನಿನ್ನ ಕಡಲು. ಯಾವಾಗಲಾದರೂ ನೀನಾಗಿ ಕರೆದರೆ ಮಾತ್ರ ಬರುತ್ತೇನೆ. ಹೊಟ್ಟೆಕಿಚ್ಚು ಹೋಗಿದೆ ಎಂದು ಸುಳ್ಳು ಹೇಳಲಾರೆ. ದಿನವಿಡೀ ಇಲ್ಲಿ ಕೂತು ಉರಿಯುತ್ತೇನೆ, ಅದು ನನ್ನ ಕೆಲಸ. ಅದನ್ನು ಸಮಾಧಾನ ಮಾಡುವ ಕೆಲಸ ನಿನಗೆ ಬೇಡ. ಸಂಜೆ ಮನಸ್ಸಾದರೆ ದೇರಾದ ಬಸ್ಸು ಹತ್ತು. ಮೈಯೆಲ್ಲ ಮೀನಿನ ವಾಸನೆ ಇರಲಿ. ನೋವಿದ್ದರೆ ನೋವಿದೆ ಎಂದೇ ಹೇಳಿಕೊಂಡು ಒಳಗೆ ಬಾ. ಕೇಳುತ್ತೇನೆ.

ನಿನ್ನ ಗಾಳಕ್ಕೆ ದೊಡ್ಡ ಶೇರಿ ಬೀಳಲಿ. ನಕಾಟೊಳ ಗಾಳಕ್ಕೂ ಬೀಳಲಿ, ನಿನ್ನದಕ್ಕಿಂತ ಸ್ವಲ್ಪ ಚಿಕ್ಕದು.

ಉರಿಯುತ್ತಲೇ ನಿನ್ನ ದಾರಿ ಕಾಯುವ,
ಭವ್ಯಶ್ರೀ