ನಿಂತುಹೋದ ಕತ್ತರಿ

ಹಾಸ್ಟೆಲ್, ರೂಮ್ ನಂಬರ್ ೧೪
ಮಂಗಳವಾರ, ಮಾರ್ಚ್ ೪

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯ್ತಾ? ಲಿಫ್ಟ್ ರಿಪೇರಿಗೆ ಹತ್ತುವಾಗ ಸೇಫ್ಟಿ ಬೆಲ್ಟ್ ಹಾಕ್ಕೋತೀಯ ತಾನೇ? ಸುಳ್ಳು ಹೇಳಬೇಡ. ಫೋನಲ್ಲಿ ಅಪ್ಪನ ಸುದ್ದಿ ಎತ್ತಿದರೆ ಕಟ್ ಮಾಡ್ತೀಯ, ಅದಕ್ಕೇ ಈ ಪತ್ರ. ನಾನು ಚೆನ್ನಾಗಿದ್ದೀನಿ, ಟೆನ್ಷನ್ ಒಂದು ಬಿಟ್ಟು. ಐದನೇ ಕ್ಲಾಸಿಂದ ಹಾಸ್ಟೆಲಿನಲ್ಲೇ ಬೆಳೆದವಳು, ಆದರೂ ಕಾಲೇಜಿನ ಮೊದಲ ಸೆಮಿನಾರ್ ಅಂದಕೂಡಲೇ ಹೆದರಿಬಿಟ್ಟೆ.

ಮೇಡಂ ಕೊಟ್ಟ ಟಾಪಿಕ್ ಕೇಳು: ಒಂದು ಹಳೆಯ ಕಾವ್ಯ, ಒಂದು ಟೀವಿ ಸೀರಿಯಲ್ ತಗೊಂಡು, ಕೇಳುವವರು, ನೋಡುವವರು ಕಥೆಯ ಯಾವ ಜಾಗದಲ್ಲಿ ಸುಮ್ಮನಾಗ್ತಾರೆ, ಯಾಕೆ ಅಂತ ಹೇಳಬೇಕು. ನಮ್ಮ ಪಠ್ಯದ ಕಾವ್ಯದಲ್ಲಿ ಮಗನನ್ನು ಓಡಿಸಿದ ರಾಜ ಚದುರಂಗ ಆಡ್ತಿರ್ತಾನೆ. ಹಾಡುಗಾರನೊಬ್ಬ ಬೇರೆ ಯಾರದೋ ಮಗ ಮನೆಗೆ ಬಂದ ಕಥೆ ಹಾಡ್ತಾನೆ. ಕುದುರೆ ಕಾಯಿ ಎತ್ತಿದ ರಾಜನ ಕೈ ಅಲ್ಲೇ ನಿಲ್ಲುತ್ತೆ. ನನಗೆ ಸ್ವಲ್ಪ ಓವರ್ ಅನ್ನಿಸಿತ್ತು.

ಸೀರಿಯಲ್ ನೋಡೋಕೆ ರಜೆಯಲ್ಲಿ ಅಪ್ಪನ ಸಲೂನಿಗೇ ಹೋದೆ. ಗೊತ್ತಲ್ಲ, ಸಂಜೆ ಆರಕ್ಕೆ ಸೀರಿಯಲ್ ಶುರುವಾದ್ರೆ ಕಟಿಂಗ್ ಆದವರೂ ಏಳಲ್ಲ. ಅಪ್ಪ ಟೀವಿಗೆ ಬೆನ್ನು ಹಾಕಿ ‘ಅದೇ ಅಳು, ಅದೇ ಗೋಳು’ ಅಂತ ಬೈತಾರೆ, ಕನ್ನಡಿಯಲ್ಲಿ ಪೂರ್ತಿ ನೋಡ್ತಾರೆ! ಅತ್ತೆ ಹಾಲಿಗೆ ವಿಷ ಹಾಕಿದಾಗ ಕತ್ತರಿ ನಿಲ್ಲಲಿಲ್ಲ. ಮದುವೆ ಮುರಿದಾಗಲೂ ಕಚಕಚ ನಡೀತಾನೇ ಇತ್ತು. ಶುಕ್ರವಾರ, ಮನೆ ಬಿಟ್ಟುಹೋಗಿದ್ದ ದೊಡ್ಡ ಮಗ ಬಂದು ಬಾಗಿಲು ತಟ್ಟಿದ. ಕತ್ತರಿ ನಿಂತಿತು. ಪೋಸ್ಟ್‌ಮ್ಯಾನ್ ಮಾಮನ ಮೀಸೆ ಅರ್ಧ ನೀಟು, ಅರ್ಧ ಪೊದೆ. ಜಾಹೀರಾತು ಬಂತು, ಮುಗೀತು. ‘ಏನ್ರೀ, ಇನ್ನರ್ಧಕ್ಕೆ ನಾಳೆ ಬರಬೇಕಾ?’ ಅಂತ ಮಾಮ ಕೇಳಿದ ಮೇಲೇ ಅಪ್ಪ ಕಣ್ಣುಜ್ಜಿಕೊಂಡು ‘ಕಣ್ಣಿಗೆ ಕೂದಲು ಹೋಯ್ತು’ ಅಂದರು.

ಸೆಮಿನಾರಿನಲ್ಲಿ ಇದನ್ನೇ ಹೇಳಿದೆ. ‘ಅಪ್ಪಂದು ಬಿಸಿನೆಸ್’ ಅಂತ ಹೇಳ್ಕೊಂಡು ತಿರುಗ್ತಿದ್ದವಳು, ಎಲ್ಲರೆದುರು ‘ನಮ್ಮ ಸಲೂನ್’ ಅಂದೆ. ಯಾರೂ ನಗಲಿಲ್ಲ (ಮೀಸೆಗೆ ನಕ್ಕರು). ರಾಜನಿಗೂ ಅಪ್ಪನಿಗೂ ನಡುವೆ ಎಷ್ಟೋ ನೂರು ವರ್ಷ, ಆದರೆ ಇಬ್ಬರೂ ಬೇರೆಯವರ ಕಥೆ ಕೇಳುವಾಗ ಮಾತ್ರ ತಮ್ಮ ನೋವನ್ನು ಒಪ್ಪಿಕೊಳ್ಳೋರು ಅಂತ ಏನೋ ಅಂದೆ.

‘ಸತ್ತರೂ ಈ ಕತ್ತರಿ ಹಿಡಿಯಲ್ಲ’ ಅಂತ ನೀನು ಗಿರಾಕಿಗಳೆದುರು ಕೂಗಿದ್ದು, ‘ಹಾಗಾದ್ರೆ ಈ ಮೆಟ್ಟಿಲು ಹತ್ತಬೇಡ’ ಅಂತ ಅಪ್ಪ ಅಂದಿದ್ದು, ಎರಡು ವರ್ಷ ಆಯ್ತು ಅಣ್ಣಾ. ಕತ್ತರಿ ಹಿಡಿ ಅಂತ ನಾನು ಹೇಳ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಚಿಕ್ಕಂದಿನಲ್ಲಿ ನೀನು ಎಲ್ಲಿ ಹೋದರೂ ಹಿಂದೇ ಬರ್ತಿದ್ದ,
ಬಾಲ

ಮರೆತಿದ್ದೆ: ಬೇರೆಯವರ ಕಟಿಂಗ್ ನಿನಗೆ ಯಾವತ್ತೂ ಹಿಡಿಸಿಲ್ಲ, ಕೂದಲು ಬೆಳೆದಿರುತ್ತೆ. ಈ ಶುಕ್ರವಾರ ಸಂಜೆ ಆರಕ್ಕೆ ಬಂದು ಖುರ್ಚಿಯಲ್ಲಿ ಕೂತುಬಿಡು. ಏನೂ ಮಾತಾಡಬೇಕಾಗಿಲ್ಲ. ಕೂದಲು ಬೆಳೆದವರಿಗೆ ಮೆಟ್ಟಿಲು ಹತ್ತಬೇಡ ಅಂತ ಅಪ್ಪ ಯಾವತ್ತೂ ಅಂದಿಲ್ಲ.