ಚಿಕ್ಕವ್ವನ ಜೀಪು

ಹನಗೋಡು ಬಳಿಯ ಹಾಡಿ
14 ನವೆಂಬರ್ 2024

ಪ್ರೀತಿಯ ಸಿಂಧು ಅಕ್ಕನಿಗೆ,

ತಂಗಿ ಸುಕನ್ಯಳ ನಮಸ್ಕಾರ. ಹ್ಯಾಂಡ್‌ಪೋಸ್ಟಿನಲ್ಲಿ ಭಾವನ ಅಂಗಡಿ ಹೇಗೆ ನಡೆಯುತ್ತಿದೆ? ಒಂದು ತಿಂಗಳಿಂದ ಬರೆಯದೆ ಇದ್ದದ್ದಕ್ಕೆ ಬೈಯಬೇಡ. ಫೋನಿನಲ್ಲಿ ಹೇಳಲು ಹೋದರೆ ಸಿಟ್ಟಿಗೆ ಮಾತು ತೊದಲುತ್ತದೆ.

ನಮ್ಮ ಹಾಡಿಗೆ ಆಶಾರಾಣಿ ಎಂಬ ಸಂಶೋಧಕಿ ಬಂದಿದ್ದರು. ಅಂಗನವಾಡಿ ಟೀಚರ್ ಎಂದು ನನ್ನನ್ನು ಜೊತೆಗೆ ಹಾಕಿಕೊಂಡರು. ಹಿಂದಿನವರೆಲ್ಲ ಆದಿವಾಸಿಗಳ ಮೇಲೆ ಸಂಶೋಧನೆ ಮಾಡಿದರಂತೆ, ಇವರು ಆದಿವಾಸಿಗಳ ಜೊತೆ ಮಾಡುತ್ತಾರಂತೆ. ಪ್ರಶ್ನೆಪಟ್ಟಿ ಇಲ್ಲ. ಮನಸ್ಸಿನಲ್ಲಿರುವುದನ್ನು ಹಾಳೆಯ ಮೇಲೆ ಬಣ್ಣದಲ್ಲಿ ಚಿತ್ರ ಬರೆದರೆ ಸಾಕು. ಇದಕ್ಕೆ ವಸಾಹತುಮುಕ್ತ ವಿಧಾನ ಎಂದು ಹೆಸರು. ಆ ಪದ ಹೇಳುವಾಗ ಅವರು ಕಣ್ಣು ಮುಚ್ಚುತ್ತಿದ್ದರು, ಪ್ರಸಾದ ಬಾಯಿಗೆ ಹಾಕಿಕೊಂಡವರ ಹಾಗೆ.

ಮರಮ್ಮ ಚಿಕ್ಕವ್ವ ಮೊದಲ ದಿನವೇ ಬರೆದಳು: ಕೊಡಗಿನ ಕಾಫಿ ತೋಟಕ್ಕೆ ಆಳುಗಳನ್ನು ತುಂಬಿಕೊಂಡು ಹೋಗುವ ಜೀಪು. ಹಿಂದುಗಡೆ ಕೆಂಪು ರಿಬ್ಬನ್ನಿನ ಹುಡುಗಿ. ಮಗುಚಿದ ಜೀಪಿನಲ್ಲಿ ಸತ್ತ ಅವಳ ಮಗಳು ಅನುಶ್ರೀ ಎಂದು ನಿನಗೆ ಹೇಳಬೇಕಿಲ್ಲ. ಮೇಡಂಗೆ ನಾನೇ ಹೇಳಿದೆ. ಅಯ್ಯೋ ಪಾಪ ಎಂದರು. ಅಜ್ಜಿ ಕಾಡು ಬರೆಯಲಿ, ಜೇನು ಬರೆಯಲಿ, ಅದೇ ನಿಮ್ಮ ನಿಜವಾದ ಅರಿವು ಎಂದು ಹೊಸ ಹಾಳೆ ಕೊಟ್ಟರು. ಚಿಕ್ಕವ್ವ ಮತ್ತೆ ಜೀಪನ್ನೇ ಬರೆದಳು. ಮೂರನೆಯ ಹಾಳೆಯಲ್ಲಿ ಒಂದು ಜೇನುಗೂಡು ಗೀಚಿ ಎದ್ದುಹೋದಳು.

ಮೈಸೂರಿನ ಪ್ರದರ್ಶನಕ್ಕೆ ನಮ್ಮನ್ನು ವ್ಯಾನಿನಲ್ಲಿ ಕರೆದೊಯ್ದರು. ಗೋಡೆಯ ಮೇಲೆ ಜೇನುಗೂಡು, ಕೆಳಗೆ 'ಪೂರ್ವಜರ ನೆನಪು: ಹಾಡಿಯ ಮಹಿಳೆ' ಎಂಬ ಚೀಟಿ. ಹೆಸರಿಲ್ಲ. ಸಮುದಾಯಕ್ಕೆ ದನಿಯನ್ನು ಮರಳಿಸಿದ್ದೇವೆ ಎಂದು ಮೇಡಂ ಮೈಕಿನಲ್ಲಿ ಹೇಳುತ್ತಿದ್ದಾಗ ಚಿಕ್ಕವ್ವ ನಡುವೆ ಹೋಗಿ ಕೇಳಿದಳು:

"ನನ್ ಜೀಪೆಲ್ಲವ್ವಾ?"

ಅದು ವಿಷಯಕ್ಕೆ ಹೊಂದಲಿಲ್ಲವಂತೆ.

"ಅಂಗಾರೆ ಇದೂ ಬ್ಯಾಡ ಬುಡು" ಎಂದವಳೇ ಜೇನುಗೂಡನ್ನು ಗೋಡೆಯಿಂದ ಕಿತ್ತು, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ವ್ಯಾನಿನಲ್ಲಿ ಹೋಗಿ ಕೂತಳು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದಾರಲ್ಲ ಎಂದು ಮೇಡಂ ನನ್ನನ್ನು ಗದರಿದರು. ಅಷ್ಟು ಓದಿದವರಿಗೆ ಆ ಹೆಬ್ಬೆಟ್ಟು ಬಿಟ್ಟರೆ ಬೇರೇನೂ ಕಾಣಲಿಲ್ಲ. ಜೀಪಿನ ಹಾಳೆಗಳನ್ನಾದರೂ ಕೊಡಿ ಎಂದೆ. ರಟ್ಟಿನ ಪೆಟ್ಟಿಗೆಯ ತಳದಲ್ಲಿ ಸಿಕ್ಕವು. ಒಂದರ ಹಿಂಬದಿಯಲ್ಲಿ ಅತಿಥಿಗಳ ಪಟ್ಟಿ ಗೀಚಿದ್ದರು. ಅವರಿಗೆಲ್ಲ ಹೆಸರಿತ್ತು.

ಮಕ್ಕಳಿಗೆ ನನ್ನ ಮುತ್ತು. ಹಾಡಿಯ ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಸುಕನ್ಯ

ಮತ್ತೆ: ಮೂರನೆಯ ಹಾಳೆ ಕೊಟ್ಟವಳು ಮೇಡಂ ಅಲ್ಲ, ನಾನು. ಅಂಗನವಾಡಿಗೆ ಅವರು ಆಟದ ಸಾಮಾನು ಕೊಡಿಸುತ್ತಾರೆಂಬ ಆಸೆಗೆ, ಜೇನು ಬರೆದುಕೊಟ್ಟುಬಿಡು, ಅನು ಹೋಗಿ ಆರು ವರ್ಷವಾಯಿತು ಎಂದುಬಿಟ್ಟೆ. ವ್ಯಾನಿನಲ್ಲಿ ಚಿಕ್ಕವ್ವ ಒಂದೇ ಮಾತು ಆಡಿದಳು, ಆಮೇಲೆ ಇವತ್ತಿನವರೆಗೂ ಮಾತಿಲ್ಲ:

"ಅವ್ರು ನೆನ್ನೆ ಬಂದೋರು ಕಣವ್ವ. ನೀನು ಅವಳ್ನ ಸೊಂಟದ್ಮ್ಯಾಲೆ ಎತ್ಕಂಡು ತಿರುಗ್ದೋಳು."