ಉಗ್ರಾಣದಷ್ಟು ಕೋಣೆ

ಚಿಕ್ಕಮ್ಮಾ,

ಹಾಲು ಕಾಯಿಸಿಟ್ಟಿದ್ದೇನೆ. ಬೆಕ್ಕಿಗೆ ಸುರಿಯದೆ ನೀವೇ ಕುಡಿಯಿರಿ.

ನೀವು ಆಸೆಪಟ್ಟ, ಅಟ್ಲಾಂಟಿಕ್ ದಾಟುವ ಆ ಹಳೇ ಹಡಗಿಗೆ ಇವತ್ತೇ ಟಿಕೆಟ್ ಬುಕ್ ಮಾಡಿ, ನಮ್ಮಿಬ್ಬರಿಗೂ. ಅಣ್ಣ, "ಅದು ಹಡಗಲ್ಲ, ತುಕ್ಕು ಹಿಡಿದ ಡಬ್ಬ. ಕೋಣೆ ನಮ್ಮ ಉಗ್ರಾಣದಷ್ಟೇ ಇರತ್ತೆ" ಅಂದಾಗ ನಾನು ಸುಮ್ಮನಿದ್ದೆ. ನನಗೂ ಬೇಡವೆಂದು ನೀವು ತಿಳಿದುಬಿಟ್ಟಿರಿ. ಅವನೆದುರು ನನಗೆ ನಾಲಿಗೆ ಏಳುವುದಿಲ್ಲ, ಅಷ್ಟೇ.

ಮರುದಿನ ನೀವು ಉಗ್ರಾಣದಲ್ಲಿ ಚಾಪೆ ಹಾಸಿ, ಬಾಗಿಲು ಮುಚ್ಚಿಕೊಂಡು ಮಲಗಿ ನೋಡಿದ್ದು ನನಗೆ ಗೊತ್ತು. ಗೊರಕೆ ಅಡುಗೆಮನೆಗೂ ಕೇಳುತ್ತಿತ್ತು. ಅಲ್ಲಿ ಅಂಥ ನಿದ್ದೆ ಬಂದವರಿಗೆ ಹಡಗು ಯಾವ ಲೆಕ್ಕ?

ಅಣ್ಣನಿಗೆ ಸಂಜೆ ನಾನೇ ಹೇಳುತ್ತೇನೆ. ನೀವು ನಡುವೆ ಬಾಯಿ ಹಾಕಬೇಡಿ.

ಉಗ್ರಾಣದ ಚೀಲಗಳನ್ನು ಸರಿಸಿ ನನ್ನ ಚಾಪೆಯನ್ನೂ ಹಾಸಿ ನೋಡಿದೆ. ಇಬ್ಬರಿಗೂ ಜಾಗ ಸಾಲುತ್ತದೆ.

ನಿಮ್ಮ ಮೌನಗೌರಿ